25 ಲಕ್ಷಕ್ಕೆ ಶೇ 30ರ ಪಾಲು: ಸಹಿಗೆ ಮೊದಲು ಮಾಡಬೇಕಾದ ಲೆಕ್ಕ

ಪ್ರಶ್ನೆ: ನಾವಿಬ್ಬರು ಎಂಜಿನಿಯರಿಂಗ್ ಸಹಪಾಠಿಗಳು, ಊರು ಗಂಗಾವತಿ. ರೈಸ್ ಮಿಲ್‌ಗಳಿಗಾಗಿ ಒಂದು ತಂತ್ರಾಂಶ ಮಾಡಿದ್ದೇವೆ. ಒಳಬಂದ ಭತ್ತದ ತೂಕ, ತೇವಾಂಶ, ಹಮಾಲಿ, ಅಕ್ಕಿ, ನುಚ್ಚು, ತೌಡಿನ ಇಳುವರಿ, ದಲ್ಲಾಳಿಗಳ ಬಾಕಿ ಎಲ್ಲವೂ ಮಾಲೀಕರ ಮೊಬೈಲಿನಲ್ಲಿ ಕಾಣುತ್ತದೆ. ಆರು ಮಿಲ್‌ಗಳು ಬಳಸುತ್ತಿವೆ. ಯಾರಿಂದಲೂ ಹಣ ತೆಗೆದುಕೊಂಡಿಲ್ಲ. ಬೆಂಗಳೂರಿನ ಹೂಡಿಕೆದಾರರೊಬ್ಬರು 25 ಲಕ್ಷ ರೂಪಾಯಿ ಕೊಟ್ಟು ಶೇ 30ರ ಪಾಲು ಕೇಳುತ್ತಿದ್ದಾರೆ. ಕಂಪನಿ ಮಾರಾಟವಾದರೆ ಹಾಕಿದ ಹಣದ ಎರಡರಷ್ಟು ಮೊದಲು ಅವರಿಗೆ ಸಲ್ಲಬೇಕಂತೆ, ಉಳಿದುದರಲ್ಲೂ ಪಾಲು ಬೇಕಂತೆ. ಮನೆಯಲ್ಲಿ ಕೆಲಸಕ್ಕೆ ಸೇರಿ ಎನ್ನುತ್ತಿದ್ದಾರೆ. ಒಪ್ಪಬಹುದೇ? ಬೇರೆಯವರು ಹಣ ಹೇಗೆ ಹೊಂದಿಸುತ್ತಾರೆ, ಹೇಗೆ ಸಂಪಾದಿಸುತ್ತಾರೆ?

ಉತ್ತರ: ಈ ಹಣವನ್ನು ಈಗ ತೆಗೆದುಕೊಳ್ಳಬೇಡಿ. ಹೂಡಿಕೆದಾರರು ಕೆಟ್ಟವರು ಎಂಬ ಕಾರಣಕ್ಕೆ ಅಲ್ಲ; ಅವರ ಉದ್ದೇಶ ನನಗೆ ಗೊತ್ತಿಲ್ಲ. ನಿಮ್ಮ ತಂತ್ರಾಂಶಕ್ಕೆ ಬೆಲೆ ಇದೆಯೇ ಎಂಬುದು ಇನ್ನೂ ನಿಮಗೇ ತಿಳಿದಿಲ್ಲ ಎಂಬುದೇ ನನ್ನ ಕಾರಣ. ಪುಕ್ಕಟೆ ಕೊಟ್ಟದ್ದನ್ನು ಯಾವ ಮಿಲ್ ಮಾಲೀಕರೂ ಬೇಡ ಎನ್ನುವುದಿಲ್ಲ. ಬರುವ ವಾರ ಆರೂ ಮಿಲ್‌ಗಳಿಗೆ ಹೋಗಿ, ಮುಂದಿನ ತಿಂಗಳಿನಿಂದ ಇದಕ್ಕೆ ಹಣ ಕೊಡಬೇಕು ಎಂದು ಹೇಳಿ. ನಾಲ್ವರು ಕೊಟ್ಟರೆ ನಿಮ್ಮ ಕೈಯಲ್ಲಿ ಒಂದು ವ್ಯಾಪಾರವಿದೆ. ಆರೂ ಮಂದಿ ನೋಡೋಣ ಎಂದರೆ ನಿಮ್ಮ ಬಳಿ ಇರುವುದು ಒಳ್ಳೆಯ ಪ್ರಾಜೆಕ್ಟ್ ಮಾತ್ರ. ಯಾರದೋ 25 ಲಕ್ಷ ಖರ್ಚು ಮಾಡಿ ಎರಡು ವರ್ಷದ ನಂತರ ತಿಳಿಯುವುದನ್ನು ಒಂದು ವಾರದಲ್ಲಿ ತಿಳಿದುಕೊಳ್ಳುವ ದಾರಿ ಇದು.

ಎಷ್ಟು ಕೇಳಬೇಕು? ಎಷ್ಟು ಗಂಟೆ ಕೋಡ್ ಬರೆದಿರಿ ಎಂಬುದರಿಂದ ಬೆಲೆ ಹುಟ್ಟುವುದಿಲ್ಲ. ಮಾಲೀಕರಿಗೆ ಎಷ್ಟು ಉಳಿಯುತ್ತದೆ ಎಂಬುದರಿಂದ ಹುಟ್ಟುತ್ತದೆ. ಒಂದು ಲಾರಿಯಲ್ಲಿ 200 ಕ್ವಿಂಟಲ್ ಭತ್ತ ಬಂತು ಎನ್ನಿ. ತೇವಾಂಶ ಬರೆದುಕೊಳ್ಳುವುದರಲ್ಲಿ ತಪ್ಪಾಗಿ ತೂಕದಲ್ಲಿ ಶೇ 1ರ ವ್ಯತ್ಯಾಸ ಬಂದರೆ 2 ಕ್ವಿಂಟಲ್ ಹೋಯಿತು. ಕ್ವಿಂಟಲ್‌ಗೆ 2,300 ರೂಪಾಯಿ ಎಂದು ಹಿಡಿದರೆ ಒಂದೇ ಲಾರಿಯಲ್ಲಿ 4,600 ರೂಪಾಯಿ. ತಿಂಗಳಿಗೆ 3,000 ಕೇಳುವುದು ಇದರ ಮುಂದೆ ದೊಡ್ಡ ಮಾತಲ್ಲ. ಆದರೆ ಇದನ್ನು ಬಾಯಿಮಾತಿನಲ್ಲಿ ಹೇಳಿದರೆ ಸಾಲದು. ಅವರದೇ ಮಿಲ್‌ನ ಕಳೆದ ಹಂಗಾಮಿನ ತೂಕದ ಚೀಟಿಗಳನ್ನು ನಿಮ್ಮ ತಂತ್ರಾಂಶಕ್ಕೆ ತುಂಬಿಸಿ, ಎಲ್ಲಿ ಸೋರಿಕೆಯಾಗಿದೆ ಎಂದು ಅವರ ಮುಂದೆಯೇ ತೋರಿಸಿ. ಗುಮಾಸ್ತರು ನಿಮ್ಮನ್ನು ವಿರೋಧಿಸಿದರೆ ಅದೂ ಒಂದು ಮಾಹಿತಿ. ನಿಜವಾಗಿ ಟೈಪ್ ಮಾಡಬೇಕಾದವರು ಅವರು. ಅವರ ಕೆಲಸ ಅರ್ಧ ಗಂಟೆಯಾದರೂ ಕಡಿಮೆಯಾಗದಿದ್ದರೆ ಮಾಲೀಕರು ಹಣ ಕೊಟ್ಟರೂ ತಂತ್ರಾಂಶ ಮೂರು ತಿಂಗಳಲ್ಲಿ ಮೂಲೆ ಸೇರುತ್ತದೆ.

ಈಗ ನಿಮ್ಮ ಖರ್ಚು. ಇಬ್ಬರಿಗೂ ತಲಾ 25,000, ಮಿಲ್‌ಗಳಿಗೆ ಹೋಗಿ ಕಲಿಸುವ ಹುಡುಗ ಅಥವಾ ಹುಡುಗಿಗೆ 30,000, ಸರ್ವರ್ ಬಾಡಿಗೆಗೆ 8,000, ಓಡಾಟಕ್ಕೆ 12,000. ಒಟ್ಟು ತಿಂಗಳಿಗೆ 1 ಲಕ್ಷ. ತಿಂಗಳಿಗೆ 3,000 ಕೊಡುವ 34 ಮಿಲ್‌ಗಳಿದ್ದರೆ ಈ ಖರ್ಚು ಕಳೆಯುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರು ಸಾಲಿನಲ್ಲಿ ಹುಟ್ಟಿ ಬೆಳೆದ ನಿಮಗೆ 34 ಮಿಲ್‌ಗಳ ಬಾಗಿಲು ತಟ್ಟುವುದು ಅಸಾಧ್ಯವೇ? ಮಾಲೀಕರ ಮಾತು, ಹಂಗಾಮು, ವಹಿವಾಟಿನ ಪದ್ಧತಿ ನಿಮಗೆ ಗೊತ್ತು. ಬೆಂಗಳೂರಿನಲ್ಲಿ ಕುಳಿತ ಯಾವ ತಂಡಕ್ಕೂ ಆ ಅನುಕೂಲವಿಲ್ಲ.

ತಿಂಗಳ ಲೆಕ್ಕದ ಬದಲು ವರ್ಷದ ಹಣವನ್ನು ಮುಂಗಡವಾಗಿ ಕೇಳಿ. ಹತ್ತು ತಿಂಗಳ ಹಣಕ್ಕೆ ಹನ್ನೆರಡು ತಿಂಗಳ ಸೇವೆ, ಅಂದರೆ 30,000. ಮಿಲ್‌ಗಳ ಕೈಯಲ್ಲಿ ಹಣ ಓಡಾಡುವುದು ಹಂಗಾಮಿನ ಹೊತ್ತಿನಲ್ಲಿ, ಕೇಳಬೇಕಾದದ್ದೂ ಆಗಲೇ. ಇಪ್ಪತ್ತು ಮಿಲ್‌ಗಳು ಒಪ್ಪಿದರೆ 6 ಲಕ್ಷ ನಿಮ್ಮ ಖಾತೆಗೆ ಬರುತ್ತದೆ: ಬಡ್ಡಿ ಇಲ್ಲ, ಪಾಲು ಇಲ್ಲ, ಕರಾರಿನ ಷರತ್ತು ಇಲ್ಲ. ಯುವ ಸ್ಥಾಪಕರು ಹಣದ ಮೂಲಗಳ ಪಟ್ಟಿ ಮಾಡುವಾಗ ಗ್ರಾಹಕರ ಮುಂಗಡವನ್ನು ಬರೆಯುವುದೇ ಇಲ್ಲ. ನನ್ನ ಮಟ್ಟಿಗೆ ಅದು ಆ ಪಟ್ಟಿಯ ಮೊದಲ ಸಾಲು. ಒಂದು ಎಚ್ಚರ: ಅದು ಮುಂದೆ ಕೊಡಬೇಕಾದ ಸೇವೆಯ ಹಣ. ಮೊದಲ ಎರಡು ತಿಂಗಳಲ್ಲಿ ಖರ್ಚು ಮಾಡಿಬಿಟ್ಟರೆ ಉಳಿದ ಹತ್ತು ತಿಂಗಳು ಸಾಲದಲ್ಲಿ ಸೇವೆ ಕೊಡಬೇಕಾಗುತ್ತದೆ.

ಜಿಎಸ್‌ಟಿಯ ವಿಷಯ ಚಿಕ್ಕದಾಗಿ ಕಂಡರೂ ನಿಮ್ಮ ವ್ಯಾಪಾರದಲ್ಲಿ ಚಿಕ್ಕದಲ್ಲ. ಸೇವೆಗಳ ವಾರ್ಷಿಕ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ದರ ಶೇ 18. ಬೇರೆ ಉದ್ದಿಮೆಯ ಗ್ರಾಹಕರು ನಿಮಗೆ ಕೊಟ್ಟ ಆ ತೆರಿಗೆಯನ್ನು ತಾವು ಕಟ್ಟಬೇಕಾದ ಜಿಎಸ್‌ಟಿಯಿಂದ ಕಡಿತ ಮಾಡಿಕೊಳ್ಳುತ್ತಾರೆ. ಆದರೆ 25 ಕೆಜಿವರೆಗಿನ, ಲೇಬಲ್ ಹಚ್ಚಿದ ಚೀಲದ ಅಕ್ಕಿಗೆ ಮಾತ್ರ ಜಿಎಸ್‌ಟಿ ಇದೆ. ದೊಡ್ಡ ಚೀಲದಲ್ಲಿ ಸಗಟು ಮಾರುವ ಅಕ್ಕಿಗೆ ಇಲ್ಲ. ಅಂಥ ಮಿಲ್‌ಗೆ ನಿಮ್ಮ ಶೇ 18 ಪೂರ್ತಿ ಕೈಯಿಂದ ಹೋಗುವ ಖರ್ಚು. ಆದ್ದರಿಂದ ಬೆಲೆ ನಿಗದಿ ಮಾಡುವಾಗಲೇ ನೋಂದಣಿಯ ನಂತರದ ಬೆಲೆಯನ್ನು ಮನಸ್ಸಿನಲ್ಲಿಟ್ಟುಕೊಳ್ಳಿ. ಜೊತೆಗೆ ಸಣ್ಣ ಉದ್ಯಮವೆಂದು ಗುರುತಿಸುವ ಉದ್ಯಮ್ ನೋಂದಣಿ ಮಾಡಿಸಿ, ಅದಕ್ಕೆ ಶುಲ್ಕವಿಲ್ಲ. ಸಣ್ಣ ಉದ್ಯಮಗಳಿಗೆ ಕೊಡಬೇಕಾದ ಹಣವನ್ನು ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಕೊಡಬೇಕು ಎಂದು ಕಾನೂನು ಹೇಳುತ್ತದೆ.

ನಿಮ್ಮದೇ ಪರಿಸ್ಥಿತಿಯಲ್ಲಿ ಸಿಲುಕಿ ಹೊರಬಂದವರ ಉದಾಹರಣೆ ಬೆಂಗಳೂರಿನಲ್ಲೇ ಇದೆ. 2005ರ ದೀಪಾವಳಿಗೆ ಹೈದರಾಬಾದಿಗೆ ಹೋಗಲು ಬಸ್ ಟಿಕೆಟ್ ಸಿಗದ ಫಣೀಂದ್ರ ಸಾಮಾ ಮತ್ತು ಇಬ್ಬರು ಗೆಳೆಯರು ಮರುವರ್ಷ ರೆಡ್‌ಬಸ್ ಕಟ್ಟಿದರು. ಅವರ ಮೊದಲ ಯೋಚನೆ ಬಸ್ ಮಾಲೀಕರಿಗೆ ತಂತ್ರಾಂಶ ಕೊಡುವುದು. ಮಾಲೀಕರಿಗೆ ಅದು ಬೇಕಿರಲಿಲ್ಲ. ಅವರಿಗೆ ಬೇಕಿದ್ದದ್ದು ಸೀಟು ತುಂಬುವುದು. ಹಾಗಾಗಿ ಸೀಟು ಮಾರಿಕೊಟ್ಟು ಕಮಿಷನ್ ಪಡೆಯುವ ದಾರಿ ಹಿಡಿದರು. 2007ರಲ್ಲಿ ಮೊದಲ ಹೂಡಿಕೆ ಬಂತು, 2013ರಲ್ಲಿ ಕಂಪನಿಯನ್ನು ಐಬಿಬೊ ಸಮೂಹ ಕೊಂಡಿತು. ನೀವೂ ಇದೇ ಪ್ರಶ್ನೆ ಕೇಳಿಕೊಳ್ಳಿ: ಮಿಲ್ ಮಾಲೀಕರಿಗೆ ಲೆಕ್ಕದ ತಂತ್ರಾಂಶ ಬೇಕೇ, ಒಳ್ಳೆಯ ದರಕ್ಕೆ ಅಕ್ಕಿ ಹೋಗಬೇಕೇ, ಹಂಗಾಮಿನಲ್ಲಿ ಭತ್ತ ಕೊಳ್ಳಲು ಬ್ಯಾಂಕ್ ಸಾಲ ಬೇಗ ಸಿಗಬೇಕೇ? ಮೂರನೆಯದಾದರೆ ಸಾಲ ಕೊಡುವ ಸಂಸ್ಥೆಯಿಂದ ನಿಮಗೆ ಶುಲ್ಕ ಬರಬಹುದು. ಆದರೆ ಒಂದು ಮಿಲ್‌ನ ಖರೀದಿ ದರ ಪಕ್ಕದ ಮಿಲ್‌ಗೆ ತಿಳಿದುಹೋದರೆ ನಿಮ್ಮನ್ನು ಆ ಊರಿನಲ್ಲಿ ಯಾರೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಂಕಿಅಂಶ ಮಾಲೀಕರದು, ಅವರ ಲಿಖಿತ ಒಪ್ಪಿಗೆ ಇಲ್ಲದೆ ಯಾರಿಗೂ ಕೊಡುವುದಿಲ್ಲ ಎಂದು ಕರಾರಿನಲ್ಲೇ ಬರೆದುಕೊಡಿ.

ಇನ್ನು ಹೂಡಿಕೆಯ ಹಣ. ಇದರ ಸ್ವಭಾವ ಅರ್ಥವಾಗದೆ ಬಹಳ ಯುವಕರು ಅದರ ಹಿಂದೆ ಬೀಳುತ್ತಾರೆ. ವೆಂಚರ್ ಫಂಡ್ ನಡೆಸುವವರು ಬೇರೆಯವರಿಂದ ಹಣ ತಂದು, ಸಾಮಾನ್ಯವಾಗಿ ಹತ್ತು ವರ್ಷಗಳಲ್ಲಿ ಬೆಳೆಸಿ ಹಿಂತಿರುಗಿಸಬೇಕು. ಅವರು ಹಣ ಹಾಕಿದ ಕಂಪನಿಗಳಲ್ಲಿ ಹೆಚ್ಚಿನವು ಅಸಲನ್ನೂ ಕೊಡುವುದಿಲ್ಲ. ಒಂದೆರಡು ಕಂಪನಿಗಳು ನೂರು ಪಟ್ಟು ಬೆಳೆದು ಎಲ್ಲ ನಷ್ಟವನ್ನೂ ತುಂಬಬೇಕು. ಫ್ಲಿಪ್‌ಕಾರ್ಟ್ 2007ರಲ್ಲಿ ಕೋರಮಂಗಲದ ಫ್ಲ್ಯಾಟ್ ಒಂದರಲ್ಲಿ ಪುಸ್ತಕ ಮಾರುತ್ತ ಶುರುವಾಯಿತು. 2018ರಲ್ಲಿ ವಾಲ್‌ಮಾರ್ಟ್ ಅದರ ಶೇ 77ರ ಪಾಲಿಗೆ 1,600 ಕೋಟಿ ಡಾಲರ್ ಕೊಟ್ಟಿತು. ಫಂಡುಗಳು ಹುಡುಕುವುದು ಇಂಥದ್ದನ್ನು. ನಿಮ್ಮ ತಂತ್ರಾಂಶವನ್ನು 1,000 ಮಿಲ್‌ಗಳು ಕೊಂಡರೂ ವರ್ಷದ ಆದಾಯ 3.6 ಕೋಟಿ. ಎರಡು ಕುಟುಂಬ ಚೆನ್ನಾಗಿ ಬದುಕಿ, ಊರಿನ ಹತ್ತಿಪ್ಪತ್ತು ಮಂದಿಗೆ ಕೆಲಸ ಕೊಡುವ ಬಹಳ ಒಳ್ಳೆಯ ವ್ಯಾಪಾರ ಅದು. ನಾನದನ್ನು ಮನಸಾರೆ ಗೌರವಿಸುತ್ತೇನೆ. ಆದರೆ ಫಂಡಿನ ಲೆಕ್ಕದಲ್ಲಿ ಅದು ಚಿಕ್ಕದು. ಇದರಿಂದ ಬೇಸರಪಡಬೇಕಿಲ್ಲ. 2010ರಲ್ಲಿ ನಿತಿನ್ ಕಾಮತ್ ಬೆಂಗಳೂರಿನಲ್ಲಿ ಆರಂಭಿಸಿದ ಝೆರೋಧಾ ಹೊರಗಿನ ಹೂಡಿಕೆ ಪಡೆಯದೆ ದೇಶದ ಅತಿ ದೊಡ್ಡ ಷೇರು ದಲ್ಲಾಳಿ ಸಂಸ್ಥೆಗಳಲ್ಲಿ ಒಂದಾಯಿತು. ಚೆನ್ನೈನಲ್ಲಿ ಬೆಳೆದ ತಂತ್ರಾಂಶ ಕಂಪನಿ ಜೋಹೊ ಕೂಡ 1996ರಿಂದ ತನ್ನ ಗಳಿಕೆಯ ಮೇಲೆಯೇ ನಿಂತಿದೆ.

ನಿಮಗೆ ಬಂದಿರುವ ಪ್ರಸ್ತಾಪವನ್ನು ಈಗ ಬಿಡಿಸಿ ನೋಡೋಣ. 25 ಲಕ್ಷಕ್ಕೆ ಶೇ 30 ಎಂದರೆ, ಹಣ ಬಂದ ಮೇಲೆ ಕಂಪನಿಯ ಮೌಲ್ಯ ಸುಮಾರು 83 ಲಕ್ಷ. ಬರುವ ಮೊದಲು 58 ಲಕ್ಷ. ಮುಂದೆ ನೌಕರರಿಗೆ ಷೇರು ಎಂದು ಶೇ 10 ತೆಗೆದಿಟ್ಟು, ಹೂಡಿಕೆಯ ಇನ್ನೆರಡು ಸುತ್ತಿನಲ್ಲಿ ತಲಾ ಶೇ 20 ಕೊಟ್ಟರೆ ನಿಮ್ಮಿಬ್ಬರದು ಸೇರಿ ಉಳಿಯುವುದು ಶೇ 40 ಮಾತ್ರ. ಈಗ ಶೇ 30ರ ಬದಲು ಶೇ 10 ಕೊಟ್ಟಿದ್ದರೆ ಅದೇ ದಾರಿಯಲ್ಲಿ ಸುಮಾರು ಶೇ 52 ಉಳಿಯುತ್ತಿತ್ತು. ಮೊದಲ ಸುತ್ತಿನಲ್ಲೇ ಸ್ಥಾಪಕರ ಪಾಲು ಇಷ್ಟು ಕರಗಿದ್ದರೆ ನಂತರ ಬರುವ ಹೂಡಿಕೆದಾರರೂ ಹಿಂಜರಿಯುತ್ತಾರೆ: ಇವರು ಇನ್ನು ಎಂಟು ವರ್ಷ ಯಾವ ಆಸೆಗೆ ದುಡಿಯುತ್ತಾರೆ ಎಂದು.

ಅದಕ್ಕಿಂತ ನನ್ನನ್ನು ಕಾಡಿದ್ದು ಎರಡರಷ್ಟು ಮೊದಲು ಎಂಬ ಷರತ್ತು. ಮೂರು ವರ್ಷದ ನಂತರ ದೊಡ್ಡ ತಂತ್ರಾಂಶ ಕಂಪನಿಯೊಂದು ನಿಮ್ಮನ್ನು 1 ಕೋಟಿಗೆ ಕೊಳ್ಳಲು ಬಂತು ಎಂದಿಟ್ಟುಕೊಳ್ಳಿ. ಈ ಷರತ್ತಿನ ಪ್ರಕಾರ ಹೂಡಿಕೆದಾರರು ಮೊದಲು 50 ಲಕ್ಷ ತೆಗೆದುಕೊಳ್ಳುತ್ತಾರೆ. ಉಳಿದ 50ರಲ್ಲಿ ಶೇ 30, ಅಂದರೆ 15 ಲಕ್ಷ. ಒಟ್ಟು 65 ಲಕ್ಷ ಅವರಿಗೆ, 35 ಲಕ್ಷ ನಿಮ್ಮಿಬ್ಬರಿಗೆ. ಕಾಗದದ ಮೇಲೆ ಶೇ 70 ನಿಮ್ಮದು, ಕೈಗೆ ಬಂದದ್ದು ಶೇ 35. ಸಾಧಾರಣವಾಗಿ ಒಪ್ಪಬಹುದಾದ ಷರತ್ತು ಬೇರೆ: ಹಾಕಿದ ಹಣ ಅಥವಾ ಪಾಲಿನ ಮೊತ್ತ, ಯಾವುದು ಹೆಚ್ಚೋ ಅದೊಂದು ಮಾತ್ರ. ಆಗ ಅವರಿಗೆ 30 ಲಕ್ಷ, ನಿಮಗೆ 70. ಎರಡು ಸಾಲಿನ ಒಂದು ಷರತ್ತಿನಲ್ಲಿ 35 ಲಕ್ಷದ ವ್ಯತ್ಯಾಸ! ಶೇಕಡಾವಾರು ಚೌಕಾಶಿಯಲ್ಲೇ ಎಲ್ಲರ ಗಮನ ನಿಲ್ಲುತ್ತದೆ, ಇಂಥ ಸಾಲುಗಳು ಓದದೆ ಉಳಿಯುತ್ತವೆ.

ಇನ್ನೂ ಒಂದು ವಿಚಿತ್ರವಿದೆ. ಈ 25 ಲಕ್ಷ ನಿಮ್ಮ ಸಣ್ಣ ಯೋಜನೆಗೆ ತೀರಾ ದುಬಾರಿ, ದೊಡ್ಡ ಯೋಜನೆಗೆ ತೀರಾ ಕಡಿಮೆ. ತಂತ್ರಾಂಶ ಮಾರಿ ನಿಧಾನವಾಗಿ ಬೆಳೆಯುವುದಾದರೆ ವರ್ಷದ 12 ಲಕ್ಷದ ಖರ್ಚಿಗೆ 40 ಮಿಲ್‌ಗಳ ಮುಂಗಡ ಸಾಕು. ತೆಲಂಗಾಣ, ಆಂಧ್ರ, ಛತ್ತೀಸಗಡ, ಪಂಜಾಬಿನ ಮಿಲ್‌ಗಳನ್ನೂ ಸೇರಿಸಿ ಅಕ್ಕಿ ವ್ಯಾಪಾರದ ವೇದಿಕೆ ಕಟ್ಟುವುದಾದರೆ ಈ ಹಣ ಒಂದು ರಾಜ್ಯವನ್ನೂ ದಾಟಿಸುವುದಿಲ್ಲ.

ಹಣ ಬೇಕೇ ಬೇಕು ಎಂದಾದರೆ ಪಾಲು ಕೇಳದ ಮೂಲಗಳನ್ನು ಮೊದಲು ನೋಡಿ. ಕರ್ನಾಟಕ ಸರ್ಕಾರದ ಎಲಿವೇಟ್ ಕಾರ್ಯಕ್ರಮ 2017ರಿಂದ ನಡೆಯುತ್ತಿದೆ. ಆಯ್ಕೆಯಾದವರಿಗೆ 50 ಲಕ್ಷದವರೆಗೆ ಅನುದಾನ, ಸರ್ಕಾರ ಷೇರು ತೆಗೆದುಕೊಳ್ಳುವುದಿಲ್ಲ. ಹಣ ಕಂತುಗಳಲ್ಲಿ, ಒಪ್ಪಿಕೊಂಡ ಕೆಲಸ ಮುಗಿದಂತೆ ಬರುತ್ತದೆ. ಆದ್ದರಿಂದ ಸಂಬಳಕ್ಕೆ ಅದನ್ನೇ ನೆಚ್ಚಿ ಕೂರಬೇಡಿ. ಕೇಂದ್ರದ ಸ್ಟಾರ್ಟ್‌ಅಪ್ ಇಂಡಿಯಾ ಸೀಡ್ ಫಂಡ್ 2021ರಲ್ಲಿ 945 ಕೋಟಿ ರೂಪಾಯಿಯೊಂದಿಗೆ ಶುರುವಾಯಿತು. ಹೊಸ ಕಂಪನಿಗಳನ್ನು ಪೋಷಿಸುವ ಇನ್ಕ್ಯುಬೇಟರ್‌ಗಳ ಮೂಲಕ ಮಾದರಿ ತಯಾರಿಗೆ 20 ಲಕ್ಷದವರೆಗೆ ಅನುದಾನ, ಮಾರುಕಟ್ಟೆಗೆ ಇಳಿಯಲು 50 ಲಕ್ಷದವರೆಗೆ ಸಾಲದ ರೂಪದಲ್ಲಿ ಹಣ ಅದರ ಆರಂಭದ ಚೌಕಟ್ಟಾಗಿತ್ತು; ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರೆಯೇ ಎಂದು ವಿಚಾರಿಸಿ. ಇಂಥ ಯೋಜನೆಗಳ ಅರ್ಜಿಯ ಅವಧಿ ತೆರೆಯುತ್ತದೆ, ಮುಚ್ಚುತ್ತದೆ. ಇನ್ಕ್ಯುಬೇಟರ್ ಒಂದರ ಸಂಪರ್ಕವಿದ್ದರೆ ಸಮಯಕ್ಕೆ ತಿಳಿಯುತ್ತದೆ. ನಿಮಗೆ ಹತ್ತಿರವಾದದ್ದು ಹುಬ್ಬಳ್ಳಿಯ ದೇಶಪಾಂಡೆ ಸ್ಟಾರ್ಟ್‌ಅಪ್ಸ್. ಬೆಂಗಳೂರಿನಲ್ಲಿ ಐಐಎಂನ ಎನ್‌ಎಸ್‌ಆರ್‌ಸಿಇಎಲ್ ಇದೆ. ಕೇಂದ್ರದ ಕೈಗಾರಿಕಾ ಉತ್ತೇಜನ ಇಲಾಖೆ (ಡಿಪಿಐಐಟಿ) ಸ್ಟಾರ್ಟ್‌ಅಪ್‌ಗಳಿಗೆ ಕೊಡುವ ಮಾನ್ಯತೆಯನ್ನೂ ಪಡೆದುಕೊಳ್ಳಿ, ಹಲವು ಯೋಜನೆಗಳಿಗೆ ಅದು ಪ್ರವೇಶಪತ್ರ. ಇಂಥ ಅರ್ಜಿಗಳನ್ನು ಓದುವ ಸಮಿತಿಗಳಲ್ಲಿ ಕುಳಿತ ನನಗೆ ಕಂಡದ್ದು ಇಷ್ಟು: ದೇಶದ ಅಕ್ಕಿ ಮಾರುಕಟ್ಟೆ ಎಷ್ಟು ಲಕ್ಷ ಕೋಟಿ ಎಂಬ ಪುಟವನ್ನು ಯಾರೂ ನೆನಪಿಟ್ಟುಕೊಳ್ಳುವುದಿಲ್ಲ. ಹಣ ಕೊಟ್ಟು ಬಳಸುತ್ತಿರುವ ಮಿಲ್‌ನ ಒಂದು ರಸೀದಿಯನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ.

ಬ್ಯಾಂಕ್ ಸಾಲದ ವಿಷಯದಲ್ಲಿ ಮುದ್ರಾ ಯೋಜನೆಯಡಿ 10 ಲಕ್ಷದವರೆಗೆ ಅಡಮಾನವಿಲ್ಲದೆ ಕೇಳಬಹುದು. ಆದರೆ ಆದಾಯ ಶುರುವಾಗುವ ಮೊದಲು ಸಾಲ ಬೇಡ. ಕಂತು ಹಂಗಾಮಿಗೆ ಕಾಯುವುದಿಲ್ಲ. ಮನೆಯವರಿಂದ, ನೆಂಟರಿಂದ ತೆಗೆದುಕೊಂಡರೆ ಅದು ಸಾಲವೋ ಪಾಲೋ ಎಂದು ಕಾಗದದಲ್ಲಿ ಬರೆದು, ಬ್ಯಾಂಕ್ ಮೂಲಕವೇ ಪಡೆಯಿರಿ. 20,000 ರೂಪಾಯಿ ಅಥವಾ ಹೆಚ್ಚಿನ ಸಾಲವನ್ನು ನಗದಾಗಿ ಪಡೆಯಲು ಆದಾಯ ತೆರಿಗೆ ಕಾನೂನು ಬಿಡುವುದಿಲ್ಲ. ಹಾಗೆಯೇ, ಫಂಡಿಂಗ್ ಕೊಡಿಸುತ್ತೇವೆ, ಮೊದಲು 50,000 ಶುಲ್ಕ ಕಟ್ಟಿ ಎನ್ನುವವರು ಖಂಡಿತ ನಿಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಒಂದು ರೂಪಾಯಿಯನ್ನೂ ಕೊಡಬೇಡಿ. ನಿಜವಾದ ಹೂಡಿಕೆದಾರರು ಹಣ ಹಾಕುತ್ತಾರೆಯೇ ಹೊರತು ಅರ್ಜಿಗೆ ಹಣ ಕೇಳುವುದಿಲ್ಲ.

ನಿಮ್ಮಿಬ್ಬರ ನಡುವಿನ ಒಪ್ಪಂದದ ಬಗ್ಗೆ ನೀವು ಏನೂ ಬರೆದಿಲ್ಲ. ಹೊರಗಿನವರ ಜೊತೆ ಕರಾರಿಗೆ ಮೊದಲು ಇದು ಆಗಬೇಕು. ಒಬ್ಬರಿಗೆ ಆರು ತಿಂಗಳಲ್ಲಿ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿ ಹೊರಟರೆ, ಅರ್ಧ ಕಂಪನಿಯನ್ನು ಅವರು ಜೊತೆಗೆ ಒಯ್ಯುತ್ತಾರೆಯೇ? ಷೇರುಗಳು ನಾಲ್ಕು ವರ್ಷಗಳಲ್ಲಿ ಹಂತ ಹಂತವಾಗಿ ಪಕ್ಕಾ ಆಗಬೇಕು, ಮೊದಲ ವರ್ಷ ಮುಗಿಯುವ ಮುನ್ನ ಬಿಟ್ಟವರಿಗೆ ಏನೂ ಇಲ್ಲ ಎಂಬುದು ಎಲ್ಲೆಡೆ ಇರುವ ಪದ್ಧತಿ. ಸ್ನೇಹ ಚೆನ್ನಾಗಿರುವಾಗಲೇ ಇದನ್ನು ಬರೆದುಕೊಳ್ಳಿ. ಇನ್ನೊಂದು ಪ್ರಶ್ನೆ: ಕೋಡ್‌ನ ಯಾವುದಾದರೂ ಭಾಗವನ್ನು ಗೆಳೆಯರಿಂದ, ಹೊರಗಿನವರಿಂದ ಬರೆಸಿದ್ದೀರಾ? ನೌಕರರಲ್ಲದವರು ಬರೆದದ್ದರ ಹಕ್ಕುಸ್ವಾಮ್ಯ, ಲಿಖಿತ ವರ್ಗಾವಣೆ ಇಲ್ಲದಿದ್ದರೆ, ಬರೆದವರದೇ. ಹಣ ಕೊಟ್ಟಿದ್ದೇವೆ ಎಂಬುದು ಸಾಲದು. ಕಂಪನಿಯ ಹೆಸರಿಗೆ ಬರೆಸಿಕೊಳ್ಳಿ.

ಸ್ಥಾಪಕರು ಹೇಗೆ ಸಂಪಾದಿಸುತ್ತಾರೆ ಎಂದು ಕೇಳಿದ್ದೀರಿ. ದಾರಿಗಳು ಮೂರೇ: ಕಂಪನಿಯಿಂದ ಸಂಬಳ, ಲಾಭ ಬಂದಾಗ ಡಿವಿಡೆಂಡ್, ತಮ್ಮ ಷೇರುಗಳ ಮಾರಾಟ. ಪತ್ರಿಕೆಯಲ್ಲಿ ಬರುವ ಮೌಲ್ಯ ಈ ಮೂರರಲ್ಲಿ ಒಂದೂ ಅಲ್ಲ. ಆನ್‌ಲೈನ್ ಪಾಠದ ಕಂಪನಿ ಬೈಜೂಸ್ 2022ರಲ್ಲಿ 2,200 ಕೋಟಿ ಡಾಲರ್ ಮೌಲ್ಯದ ಕಂಪನಿ ಎನಿಸಿಕೊಂಡಿತ್ತು. 2024ರ ಜುಲೈನಲ್ಲಿ ಬೆಂಗಳೂರಿನ ಕಂಪನಿ ಕಾನೂನು ನ್ಯಾಯಮಂಡಳಿ ಅದರ ವಿರುದ್ಧದ ದಿವಾಳಿ ಅರ್ಜಿಯನ್ನು ಅಂಗೀಕರಿಸಿತು. ಹೂಡಿಕೆ ಪಡೆದ ಕಂಪನಿಯಲ್ಲಿ ಡಿವಿಡೆಂಡ್ ಅಪರೂಪ, ಎಲ್ಲ ಹಣವೂ ಬೆಳವಣಿಗೆಗೆ ಹೋಗುತ್ತದೆ. ಸ್ಥಾಪಕರು ಷೇರು ಮಾರುವ ದಿನಕ್ಕೆ ಕಾಯಬೇಕು, ಆ ದಿನ ಹೆಚ್ಚಿನವರಿಗೆ ಬರುವುದೇ ಇಲ್ಲ. ಸ್ವಂತ ಗಳಿಕೆಯ ಕಂಪನಿಯಲ್ಲಿ ಲಾಭ ಬಂದ ವರ್ಷವೇ ಮನೆಗೆ ಹಣ ಬರುತ್ತದೆ. ನಿಮ್ಮ ಮನೆಯವರ ಆತಂಕ ನ್ಯಾಯವಾದದ್ದು. ಅವರಿಗೆ ಕನಸಿನ ಮಾತು ಬೇಡ, ಅವಧಿ ಹೇಳಿ: ಮುಂದಿನ ಎರಡು ಹಂಗಾಮಿನೊಳಗೆ 34 ಮಿಲ್‌ಗಳು ಹಣ ಕೊಡದಿದ್ದರೆ ಕೆಲಸ ಹುಡುಕುತ್ತೇವೆ ಎಂದು. ಅಲ್ಲಿಯವರೆಗೆ 25,000 ಸಂಬಳವನ್ನು ತಪ್ಪದೆ ತೆಗೆದುಕೊಳ್ಳಿ. ಸಂಬಳವಿಲ್ಲದೆ ದುಡಿಯುವ ಸ್ಥಾಪಕರ ಲೆಕ್ಕ ಪುಸ್ತಕ ಸುಳ್ಳು ಹೇಳುತ್ತದೆ, ಲಾಭವಿಲ್ಲದ ಕಡೆ ಲಾಭ ಕಾಣಿಸುತ್ತದೆ.

ಹೂಡಿಕೆದಾರರಿಗೆ ಉತ್ತರ ಹೀಗಿರಲಿ: ನಿಮ್ಮ ಆಸಕ್ತಿಗೆ ಕೃತಜ್ಞರು, ಈಗ ಗ್ರಾಹಕರಿಂದ ಶುಲ್ಕ ಪಡೆಯಲು ಆರಂಭಿಸುತ್ತಿದ್ದೇವೆ, ಪ್ರತಿ ತಿಂಗಳು ಅಂಕಿಅಂಶ ಕಳುಹಿಸುತ್ತೇವೆ, ಹಂಗಾಮು ಮುಗಿದ ಮೇಲೆ ಮಾತನಾಡೋಣ. ನಿಜವಾದ ಆಸಕ್ತಿ ಇದ್ದವರು ಕಾಯುತ್ತಾರೆ. ಈ ವಾರವೇ ಸಹಿ ಆಗಬೇಕು ಎಂದು ಒತ್ತಾಯಿಸಿದರೆ ಬಿಟ್ಟುಬಿಡಿ. ಈ ನಡುವೆ ಅವರು ಮೊದಲು ಹಣ ಹಾಕಿದ ಇಬ್ಬರು ಮೂವರು ಸ್ಥಾಪಕರಿಗೆ ಫೋನ್ ಮಾಡಿ, ಕಷ್ಟದ ತಿಂಗಳಲ್ಲಿ ಇವರು ಹೇಗೆ ನಡೆದುಕೊಂಡರು ಎಂದು ಕೇಳಿ. ಮುಳುಗಿದ ಕಂಪನಿಯ ಸ್ಥಾಪಕರೊಬ್ಬರು ಅದರಲ್ಲಿ ಇರಲೇಬೇಕು.

ಆಮೇಲೂ ಅವರ ಹಣವೇ ಬೇಕು ಎನಿಸಿದರೆ, ಮೌಲ್ಯವನ್ನು ಈಗಲೇ ಕಟ್ಟದೆ ಕನ್ವರ್ಟಿಬಲ್ ನೋಟ್ (ಮುಂದೆ ಷೇರಾಗಿ ಬದಲಾಗಬಲ್ಲ ಸಾಲ) ರೂಪದಲ್ಲಿ ಕೇಳಬಹುದು. ಮಾನ್ಯತೆ ಪಡೆದ ಸ್ಟಾರ್ಟ್‌ಅಪ್ ಒಬ್ಬರಿಂದ ಒಂದೇ ಕಂತಿನಲ್ಲಿ ಕನಿಷ್ಠ 25 ಲಕ್ಷವನ್ನು ಹೀಗೆ ಪಡೆಯಲು ಅವಕಾಶವಿದೆ. ನಿಮ್ಮ ಮೊತ್ತವೂ ಅಷ್ಟೇ. ಷೇರೇ ಕೊಡುವುದಾದರೆ ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಷೇರು ಹಂಚಿಕೆಯಾಗಿ ಅದರ ವಿವರ ಕಂಪನಿ ರಿಜಿಸ್ಟ್ರಾರ್‌ಗೆ ಸಲ್ಲುವವರೆಗೆ ಆ ಹಣವನ್ನು ಮುಟ್ಟುವಂತಿಲ್ಲ. ಹೆಚ್ಚಿನ ಬೆಲೆಗೆ ಷೇರು ಕೊಟ್ಟು ಪಡೆದ ಹೂಡಿಕೆಯ ಮೇಲೆ ಬೀಳುತ್ತಿದ್ದ ಏಂಜೆಲ್ ತೆರಿಗೆಯ ಬಗ್ಗೆ ಯಾರಾದರೂ ಹೆದರಿಸಿದರೆ ಹೆದರಬೇಡಿ, 2024ರ ಬಜೆಟ್ ಅದನ್ನು ತೆಗೆದುಹಾಕಿದೆ. ಕರಡನ್ನು ನಿಮ್ಮ ಊರಿನ ತೆರಿಗೆ ಸಲಹೆಗಾರರಿಗಷ್ಟೇ ತೋರಿಸಿ ಸುಮ್ಮನಾಗಬೇಡಿ. ಇಂಥ ಹೂಡಿಕೆ ಕರಾರುಗಳನ್ನು ಮಾಡಿ ಅನುಭವವಿರುವ ವಕೀಲರಿಗೆ ಶುಲ್ಕ ಕೊಟ್ಟು ಓದಿಸಿ, ಎರಡರಷ್ಟು ಎಂಬ ಸಾಲನ್ನು ಮೊದಲು ಹೊಡೆದುಹಾಕಿಸಿ.